ಉಬುಯು ಪಾನಕ ಮಾಡೋಕೆ ಒಲೆ ಹಚ್ಚಬೇಡಿ

ಅಣ್ಣ, ಟಾಂಜಾನಿಯಾದ ದೊಡೊಮಾದಿಂದ ತಂದ ಉಬುಯುವನ್ನು, ಅಂದರೆ ಬಾವೊಬಾಬ್ ಮರದ ಹಣ್ಣನ್ನು, ಅರ್ಧ ಗಂಟೆ ಕುದಿಸಿ ಪಾನಕ ಮಾಡಿದೆ, ಬೀಜ ಹಾಗೇ ಕುಂಡಕ್ಕೆ ಹಾಕಿದೆ ಅಂತ ಬರೆದಿದ್ದೀರಿ. ಎರಡೂ ಬೇಡ ಮಾರಾಯ್ರೇ! ನಮ್ಮ ಮನೆಯಲ್ಲೂ ಮೊದಮೊದಲು ಹೀಗೇ ನಡೆಯುತ್ತಿತ್ತು.

ಈ ಹಣ್ಣಿನ ದೊಡ್ಡ ಗುಣವೇ ವಿಟಮಿನ್ ಸಿ. ಕುದಿಸಿದರೆ ಅದೇ ಮೊದಲು ಹಾಳಾಗೋದು. ಕ್ಯಾಲ್ಸಿಯಂ, ನಾರು ಉಳಿಯುತ್ತವೆ, ಸರಿ, ಆದರೆ ಪಾನಕ ಗಂಜಿಯ ಹಾಗೆ ದಪ್ಪಗಾಗುತ್ತದೆ. ನೀರನ್ನು ಬೇರೆ ಕುದಿಸಿ, ಉಗುರುಬೆಚ್ಚಗಾದ ಮೇಲೆ ಬೀಜ ಸಮೇತ ತಿರುಳನ್ನು ನೆನೆಹಾಕಿ. ಒಂದು ಗಂಟೆ ಸಾಕು. ಕೈಯಲ್ಲಿ ಚೆನ್ನಾಗಿ ಕಿವುಚಿ, ಕೆಂಪು ನಾರು ತೆಗೆದು ಸೋಸಿ, ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು. ಹಾಲು ಹಾಕೋದಾದರೆ ತಣ್ಣಗಿನದು, ಕೊನೆಗೆ. ಹುಳಿ ಇದೆ, ಬಿಸಿ ಹಾಲು ಒಡೆಯುತ್ತದೆ. ಅದೇ ದಿನ ಕುಡಿದು ಮುಗಿಸಿ. ಮಕ್ಕಳಿಗೆ ಜಾಸ್ತಿ ಕೊಡಬೇಡಿ, ನಾರು ಹೆಚ್ಚಾಗಿ ಹೊಟ್ಟೆ ಉಬ್ಬರಿಸುತ್ತದೆ.

ಕಿತ್ತಳೆಗಿಂತ ಇಷ್ಟು ಪಟ್ಟು ವಿಟಮಿನ್ ಸಿ ಅಂತ ಡಬ್ಬದ ಮೇಲೆ ಬರೆದದ್ದನ್ನು ನೋಡಿ ಮರುಳಾಗಬೇಡಿ. ಇದು ಒಣ ತಿರುಳು, ಕಿತ್ತಳೆಯಲ್ಲಿ ಬಹುಪಾಲು ನೀರು, ಹೋಲಿಕೆ ಹೇಗೆ ಸರಿಯಾಗುತ್ತದೆ? ಮರದಿಂದ ಮರಕ್ಕೂ ಪ್ರಮಾಣ ಬೇರೆ. ಜಾಂಜಿಬಾರಿನ ಕೆಂಪು ಉಬುಯು ಪಾನಕಕ್ಕೆ ಆಗೋದೇ ಇಲ್ಲ, ಅದು ಬಣ್ಣ ಸಕ್ಕರೆ ಹಚ್ಚಿದ ಮಿಠಾಯಿ. ಪುಡಿಗಿಂತ ಇಡೀ ಕಾಯಿಯೇ ವಾಸಿ, ಆದರೆ ಸಿಪ್ಪೆ ಬಿರುಕು ಬಿಟ್ಟಿದ್ದರೆ ಒಳಗೆ ಬೂಸ್ಟು ಹಿಡಿದಿರಬಹುದು, ನೋಡಿ ತಗೊಳ್ಳಿ. ಮನೆಗೆ ಪುಡಿಯೇ ಬೇಕು ಅಂದರೆ ಹಳ್ಳಿಯ ಹೆಂಗಸರು ಕುಟ್ಟಿ ಜರಡಿ ಹಿಡಿದದ್ದನ್ನು ಅವರ ಕೈಯಿಂದಲೇ ಕೊಳ್ಳಿ, ದಯವಿಟ್ಟು ಚೌಕಾಸಿ ಮಾಡಬೇಡಿ. 2008ರಲ್ಲಿ ಐರೋಪ್ಯ ಒಕ್ಕೂಟ ಈ ತಿರುಳನ್ನು ಆಹಾರಕ್ಕೆ ಬಳಸಲು ಒಪ್ಪಿತು, ಅಲ್ಲೂ ಮಾರಬಹುದು. ಆದರೂ ಇಡೀ ಕಾಯಿಯನ್ನು ಚೀಲದ ಲೆಕ್ಕದಲ್ಲಿ ದಲ್ಲಾಳಿಗೆ ಕೊಟ್ಟರೆ ಆರಿಸಿದವರಿಗೆ ಸಿಗೋದು ಕಮ್ಮಿ. ಒಡೆದು, ಕುಟ್ಟಿ, ಬೀಜದಿಂದ ಎಣ್ಣೆ ತೆಗೆದು ಮಾರಿದಾಗ ಮಾತ್ರ ನಾಲ್ಕು ಕಾಸು.

ಇನ್ನು ಬೀಜ. ಸಿಪ್ಪೆ ಬಹಳ ಗಟ್ಟಿ. ಒಲೆಯಿಂದ ಇಳಿಸಿದ ಬಿಸಿ ನೀರು ಸುರಿದು ರಾತ್ರಿಯಿಡೀ ಬಿಡಿ, ಇಲ್ಲವೇ ಒಂದು ಕಡೆ ಕಲ್ಲಿಗೆ ಉಜ್ಜಿ. ಆದರೆ ಹಣ್ಣಿನ ಆಸೆಗೆ ನೆಡಬೇಡಿ, ಬೀಜದ ಗಿಡ ಕಾಯಿ ಬಿಡೋಕೆ ಇಪ್ಪತ್ತು ವರ್ಷವೂ ಆಗಬಹುದು. ಕಸಿ ಗಿಡ ಬೇಗ, ಆದರೂ ಒಂಟಿ ಮರದಲ್ಲಿ ಕಾಯಿ ಕಚ್ಚೋದು ಕಷ್ಟ, ಬೇರೆ ಮರದ ಪರಾಗ ಬೇಕು, ಅದನ್ನು ರಾತ್ರಿ ಬಾವಲಿ ತರಬೇಕು. ಸವಣೂರಿನ ದೊಡ್ಡಹುಣಸೆ ಇದೇ ಜಾತಿ, ಎಷ್ಟು ಜಾಗ ಬೇಕು ಅಂತ ಅದನ್ನು ನೋಡಿದವರಿಗೆ ಗೊತ್ತು.

ನನ್ನ ಮಾತು ಕೇಳಿ, ಸೊಪ್ಪಿಗೆ ಬೆಳೆಸಿ. ಪಶ್ಚಿಮ ಆಫ್ರಿಕಾದ ಮಾಲಿ, ಬುರ್ಕಿನಾ ಫಾಸೊ ದೇಶಗಳಲ್ಲಿ ಮಡಿ ಮಾಡಿ ಒತ್ತಾಗಿ ಬಿತ್ತಿ, ಎಳೆಯ ಎಲೆ ಕೊಯ್ಯುತ್ತಾರೆ, ಮತ್ತೆ ಚಿಗುರುತ್ತದೆ. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ವಿಟಮಿನ್ ಎ ಹೋಗುತ್ತದೆ. ಪುಡಿಯನ್ನು ಹುಳಿಗೆ ಕೊನೆಯಲ್ಲಿ ಸ್ವಲ್ಪ ಹಾಕಿ, ಬೆಂಡೆಯಂತೆ ಲೋಳೆ ಬರುತ್ತದೆ. ಕುಂಡದಲ್ಲಿ ನೀರು ನಿಲ್ಲಬಾರದು. ಒಣಗಾಲದಲ್ಲಿ ಎಲೆ ಉದುರಿಸಿದರೆ ಸತ್ತೇಹೋಯಿತು ಅಂತ ಕಿತ್ತುಬಿಡಬೇಡಿ, ಆಗ ನೀರು ಕಮ್ಮಿ ಮಾಡಿ ಸಾಕು.