ಪ್ರವಾಸಕ್ಕೆ ಹೋಗಬಹುದು, ಪ್ರವಾಸೋದ್ಯಮಕ್ಕೆ ಹೋಗಬಹುದೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಶಾಲೆಯಿಂದ ಹಂಪಿಗೆ ಹೋಗಿ ಬಂದ ಮೇಲೆ ಒಬ್ಬ ಹುಡುಗ ‘ನಾವು ಹಂಪಿಗೆ ಪ್ರವಾಸೋದ್ಯಮಕ್ಕೆ ಹೋಗಿದ್ದೆವು’ ಅಂತ ಬರೆದಿದ್ದಾನೆ. ತಪ್ಪು ಅಂದರೆ, ‘ಟೂರಿಸಂ ಅಂದ್ರೆ ಪ್ರವಾಸೋದ್ಯಮ ತಾನೇ ಸಾರ್’ ಅಂತಾನೆ. ಅವನಿಗೆ ಹೇಗೆ ತಿಳಿಸಲಿ?

ಉತ್ತರ: ಮೇಷ್ಟ್ರೇ, ಹುಡುಗ ನಿಘಂಟಿನ ಪ್ರಕಾರ ಸರಿಯಾಗಿಯೇ ಹೇಳಿದ್ದಾನೆ. ಪದ ಬಿಡಿಸಿ ತೋರಿಸಿ: ಪ್ರವಾಸ + ಉದ್ಯಮ, ಗುಣಸಂಧಿ. ಹಂಪಿ ನೋಡಲು ಹೋದ ಅವನದು ಪ್ರವಾಸ. ಅಲ್ಲಿ ಹರಿಗೋಲು ಹಾಕುವವರು, ಗೈಡ್‌ಗಳು, ಸೈಕಲ್ ಬಾಡಿಗೆ ಕೊಡುವವರು, ಎಳನೀರು ಮಾರುವವರು, ಇವರೆಲ್ಲರ ಹೊಟ್ಟೆ ತುಂಬಿಸುವುದು ಪ್ರವಾಸೋದ್ಯಮ. ಇಂಗ್ಲಿಷಿನ ಟೂರಿಸಂ ಈ ಎರಡಕ್ಕೂ ಸಲ್ಲುತ್ತದೆ, ನಮ್ಮ ಪದ ದುಡಿಮೆಯ ಕಡೆಗೆ ಮಾತ್ರ ವಾಲುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ಟೂರ್ ಅನ್ನುವುದರ ಮೂಲದಲ್ಲಿರುವುದು ಸುತ್ತು. ಗ್ರೀಕಿನಲ್ಲಿ ವೃತ್ತ ಎಳೆಯುವ ಸಾಧನದ ಹೆಸರು ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಹೊರಟಲ್ಲಿಗೇ ಸುತ್ತಿ ಬರುವುದು, ಅಷ್ಟೇ. ನಾವು ‘ಊರು ಸುತ್ತಿ ಬಂದೆ’ ಅಂತೀವಲ್ಲ, ಅದೇ ಭಾವ. ಟೂರಿಗೆ ತಮಿಳಿನವರು ಹೇಳುವ ‘ಸುಟ್ರುಲಾ’ದಲ್ಲೂ ಈ ಸುತ್ತೇ ಇದೆ.

ಪ್ರವಾಸದ ಕಥೆ ಬೇರೆ, ನನಗೆ ಬಹಳ ಇಷ್ಟವಾದದ್ದು. ಸಂಸ್ಕೃತದಲ್ಲಿ ಅದು ಮನೆ ಬಿಟ್ಟು ದೂರದಲ್ಲಿ ವಾಸ ಮಾಡುವುದು, ಸುತ್ತಾಟವಲ್ಲ. ಹಿಂದಿಯವರಿಗೆ ಇಂದಿಗೂ ಪ್ರವಾಸಿ ಅಂದರೆ ಪರದೇಶದಲ್ಲಿ ನೆಲೆಸಿದವನು, ಸುತ್ತಾಟಕ್ಕೆ ಅವರು ಪರ್ಯಟನ ಅನ್ನುತ್ತಾರೆ. ಕೇರಳದಲ್ಲಿ ಪ್ರವಾಸಿ ಅಂದರೆ ಗಲ್ಫಿನಲ್ಲಿ ದುಡಿಯುವ ಮನೆಮಗ. ನಮ್ಮಲ್ಲಿ ಅದೇ ಪದ ಎರಡು ದಿನ ಜೋಗ, ಮುರುಡೇಶ್ವರ ನೋಡಿ ವಾಪಸ್ ಬರುವವನಿಗೆ ಸಲ್ಲುತ್ತದೆ. ಆದ್ದರಿಂದ ಜನವರಿ 9ರ ‘ಪ್ರವಾಸಿ ಭಾರತೀಯ ದಿವಸ’ ಅಂತ ಓದಿದ ಕನ್ನಡಿಗರಿಗೆ ಟೂರಿಸ್ಟರ ಹಬ್ಬ ಅನ್ನಿಸಿದರೆ ಅದು ಅವರ ತಪ್ಪಲ್ಲ. ಅಲ್ಲಿ ‘ಅನಿವಾಸಿ ಭಾರತೀಯ’ ಅನ್ನಬೇಕು. ಹಾಗೆಯೇ ಹಿಂದಿಯ ‘ಪ್ರವಾಸಿ ಮಜ್ದೂರ್’ ನಮಗೆ ವಲಸೆ ಕಾರ್ಮಿಕ. ಕೂಲಿ ಹುಡುಕಿ ಊರು ಬಿಟ್ಟವರನ್ನು ಕನ್ನಡದಲ್ಲಿ ಪ್ರವಾಸಿ ಅನ್ನುವುದು ಬರೀ ಭಾಷೆಯ ತಪ್ಪಲ್ಲ, ಅವರ ಕಷ್ಟಕ್ಕೆ ಮಾಡುವ ಅನ್ಯಾಯ.

ವಿಶ್ವಸಂಸ್ಥೆಯ ಲೆಕ್ಕದಲ್ಲಿ ಪ್ರವಾಸಿಯಾಗಲು ಮೋಜು ಬೇಕೇಬೇಕು ಅಂತಿಲ್ಲ. ದಿನನಿತ್ಯದ ಜಾಗ ಬಿಟ್ಟು ಹೋಗಿರಬೇಕು, ಒಂದು ರಾತ್ರಿಯಾದರೂ ತಂಗಬೇಕು, ಒಂದು ವರ್ಷದೊಳಗಿನ ಭೇಟಿಯಾಗಿರಬೇಕು, ಹೋದ ಊರಿನಲ್ಲಿ ಸಂಬಳಕ್ಕೆ ಸೇರಿರಬಾರದು. ಚಿಕಿತ್ಸೆಗೆ ಬೆಂಗಳೂರಿಗೆ ಬಂದು ವಾರ ಉಳಿದವರೂ ಇದರಲ್ಲಿ ಸೇರುತ್ತಾರೆ. ಧರ್ಮಸ್ಥಳದಲ್ಲಿ ರಾತ್ರಿ ಉಳಿದ ಭಕ್ತರೂ ಅಷ್ಟೇ. ಆದರೆ ನಮ್ಮ ಮಾತಿನಲ್ಲಿ ಅವರದು ಯಾತ್ರೆ. ಕಾಶಿಗೆ ಹೋಗಿಬಂದ ಅಜ್ಜಿಗೆ ‘ಪ್ರವಾಸ ಹೇಗಿತ್ತು’ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ವಾಕ್ಯವನ್ನು ‘ಹಂಪಿಗೆ ಪ್ರವಾಸ ಹೋಗಿದ್ದೆವು’ ಅಂತ ತಿದ್ದಿ, ಆದರೆ ಅಂಕ ಕಳೆಯಬೇಡಿ. ದೊಡ್ಡವರೇ ‘ಪ್ರವಾಸೋದ್ಯಮ ತಾಣ’ ಅಂತ ಬರೆಯುತ್ತಾರೆ, ಅಲ್ಲಿ ‘ಪ್ರವಾಸಿ ತಾಣ’ ಸಾಕು. ಬೇಕಿದ್ದರೆ ಅವನಿಗೆ ಇನ್ನೊಂದು ಪ್ರಬಂಧ ಕೊಡಿ: ಹಂಪಿಯಲ್ಲಿ ನಿಮ್ಮನ್ನು ಹೊಳೆ ದಾಟಿಸಿದವರ ಒಂದು ದಿನ. ಅದಕ್ಕೆ ಪ್ರವಾಸೋದ್ಯಮ ಅನ್ನುವ ಪದ ಸರಿಯಾಗಿ ಹೊಂದುತ್ತದೆ.