ಸುಳ್ಳೆಲ್ಲ ಗ್ಯಾಸ್‌ಲೈಟಿಂಗ್ ಅಲ್ಲ

ಪ್ರಶ್ನೆ: ನಮ್ಮ ಯಜಮಾನರು ತಾವು ಮಾಡಿದ ಸಾಲವನ್ನು ಎರಡು ವರ್ಷ ನನ್ನಿಂದ ಮುಚ್ಚಿಟ್ಟಿದ್ದರು. ಇದು ಗ್ಯಾಸ್‌ಲೈಟಿಂಗ್ ಎಂದು ತಂಗಿ ಹೇಳುತ್ತಾಳೆ. ಹೌದೇ? ಈ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ಅಲ್ಲ. ನೀವು ಬರೆದಿರುವಷ್ಟು ಮಟ್ಟಿಗೆ ಇದು ಮುಚ್ಚುಮರೆ, ಹೆಚ್ಚೆಂದರೆ ವಂಚನೆ. ಸಾಲದ ಪತ್ರ ನಿಮ್ಮ ಕೈಗೆ ಸಿಕ್ಕ ದಿನ ಅವರು ‘ಇದನ್ನು ನಿನಗೆ ಅಂದೇ ಹೇಳಿದ್ದೆನಲ್ಲ, ನಿನ್ನ ಮರೆವು ಹೆಚ್ಚಾಗುತ್ತಿದೆ’ ಎಂದು, ಮುಂದೆಯೂ ಪ್ರತಿಯೊಂದಕ್ಕೂ ಅದನ್ನೇ ಹೇಳುತ್ತ ಹೋಗಿ, ಕೊನೆಗೆ ನಿಮ್ಮ ನೆನಪನ್ನು ನೀವೇ ನಂಬದ ಸ್ಥಿತಿಗೆ ತಂದಿದ್ದರೆ ಆ ಮಾತು ಬೇರೆ, ಅದು ಗ್ಯಾಸ್‌ಲೈಟಿಂಗ್. ಸುಳ್ಳುಗಾರನಿಗೆ ತನ್ನ ಮಾತನ್ನು ನೀವು ನಂಬಿದರೆ ಸಾಕು. ಗ್ಯಾಸ್‌ಲೈಟಿಂಗ್ ಮಾಡುವವನಿಗೆ ನಿಮ್ಮ ಮೇಲೆ ನಿಮಗಿರುವ ನಂಬಿಕೆಯೇ ಹೋಗಬೇಕು.

ಈ ಪದ ಬಂದದ್ದು 1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ‘ಗ್ಯಾಸ್ ಲೈಟ್’ ನಾಟಕದಿಂದ. 1944ರ ಹಾಲಿವುಡ್ ಚಿತ್ರ ಅದನ್ನು ಮನೆಮಾತಾಗಿಸಿತು. ಗಂಡ ಮನೆಯ ಅನಿಲದ ದೀಪವನ್ನು ಬೇಕೆಂದೇ ಮಂಕು ಮಾಡಿ ಹೆಂಡತಿಯನ್ನು ಹೆದರಿಸುತ್ತಾನೆ ಎಂದು ಊರೆಲ್ಲ ಬರೆಯುತ್ತದೆ. ನಾಟಕವನ್ನು ಓದದವರ ಮಾತು ಇದು. ಅವನು ವಸ್ತುಗಳನ್ನು ತಾನೇ ಬಚ್ಚಿಟ್ಟು ‘ನೀನೇ ಎಲ್ಲಿಯೋ ಇಟ್ಟು ಮರೆತೆ’ ಎಂದು ದೂರುತ್ತಾನೆ, ನಿಜ. ಆದರೆ ಮಾಣಿಕ್ಯಗಳನ್ನು ಹುಡುಕಲು ಕದ್ದು ಮೇಲಂತಸ್ತಿಗೆ ಹೋಗಿ ಅಲ್ಲಿನ ದೀಪ ಹಚ್ಚಿದಾಗ ಅನಿಲ ಹಂಚಿಹೋಗಿ ಕೆಳಗಿನ ದೀಪ ಕುಗ್ಗುತ್ತದೆ. ಅದು ಅವನ ಉಪಾಯವಲ್ಲ, ಅವನನ್ನು ಹಿಡಿದುಕೊಟ್ಟ ಸುಳಿವು. ಆಕೆ ಕಂಡದ್ದು ಸರಿಯಾಗಿಯೇ ಇತ್ತು.

ಇನ್ನು ಕನ್ನಡದ ಪದ. ‘ಅನಿಲದೀಪನ’ ಎಂದು ಟಂಕಿಸಿ ಕಳುಹಿಸಿದ ಮಹನೀಯರೊಬ್ಬರಿಗೆ ದೂರದಿಂದಲೇ ನಮಸ್ಕಾರ. ಟೋಪಿ ಹಾಕುವುದು, ಪಂಗನಾಮ ಹಾಕುವುದು ಹಣದ ಮೋಸಕ್ಕೆ ಸಲ್ಲುತ್ತವೆ. ‘ಮಂಕುಬೂದಿ ಎರಚುವುದು’ ಹತ್ತಿರ ಬರುತ್ತದೆಯಾದರೂ ದಿನದಿನವೂ ನಡೆಯುವ ಸವೆತ ಅದರಲ್ಲಿಲ್ಲ. ಹೊತ್ತ ಮೇಕೆಯನ್ನು ನಾಯಿಯೆಂದು ಮೂವರು ಧೂರ್ತರು ಒಬ್ಬರಾದ ಮೇಲೊಬ್ಬರು ಹೇಳಿ ಬ್ರಾಹ್ಮಣನ ಕಣ್ಣನ್ನೇ ಸುಳ್ಳಾಗಿಸಿದ ಪಂಚತಂತ್ರದ ಕತೆಯಲ್ಲಿ ತಂತ್ರ ಇದೇ. ಆದರೆ ಅವರು ದಾರಿಹೋಕರು, ಇಲ್ಲಿ ಮಾಡುವವರು ಸಾಮಾನ್ಯವಾಗಿ ಮನೆಯವರು. ಆದ್ದರಿಂದ ನಾನು ಗ್ಯಾಸ್‌ಲೈಟಿಂಗ್ ಎಂದೇ ಬರೆಯುತ್ತೇನೆ. ಬಸ್ಸನ್ನು ಅರಗಿಸಿಕೊಂಡ ಭಾಷೆಗೆ ಇದು ಭಾರವಾಗದು.

ಮೆರಿಯಮ್-ವೆಬ್‌ಸ್ಟರ್ ನಿಘಂಟು 2022ರಲ್ಲಿ ಇದನ್ನು ವರ್ಷದ ಪದವೆಂದು ಆರಿಸಿದ್ದರಿಂದ ಇದು ಕಾಯಿಲೆಯ ಹೆಸರಾಗುವುದಿಲ್ಲ. ಹತ್ತು ಲಕ್ಷಣಗಳ ಪಟ್ಟಿ ತೋರಿಸಿ ನಿಮ್ಮ ಗಂಡನಿಗೆ ರೋಗದ ಹೆಸರಿಟ್ಟು ಶುಲ್ಕ ಕೇಳುವ ‘ಸಂಬಂಧ ತಜ್ಞ’ರಿಂದ ದೂರವಿರಿ. ನಾನು ಪದಗಳನ್ನು ಬಲ್ಲವನೇ ಹೊರತು ಮನೋವೈದ್ಯನಲ್ಲ. ನಿಮ್ಮ ನೆನಪಿನ ಮೇಲೆ ನಿಜವಾಗಿಯೂ ಅನುಮಾನ ಹುಟ್ಟಿದ್ದರೆ ಕಂಡದ್ದನ್ನು ದಿನಾಂಕ ಸಹಿತ ಬರೆದಿಟ್ಟು ಅರ್ಹ ವೈದ್ಯರನ್ನು ಕಾಣಿ.

ಪ್ರಶ್ನೆ: ಗ್ಯಾಸ್‌ಲೈಟೆಡ್ ಸರಿಯೋ, ಗ್ಯಾಸ್‌ಲಿಟ್ ಸರಿಯೋ?

ಉತ್ತರ: ಎರಡೂ ಸರಿ. ಇನ್ನು ಕೇಳಬೇಡಿ.

ಪ್ರಶ್ನೆ: ಹುಡ್‌ವಿಂಕ್ ಎಂದರೆ ಕಣ್ಣು ಮಿಟುಕಿಸಿ ಮರುಳು ಮಾಡುವುದೇ?

ಉತ್ತರ: ಅಲ್ಲ. ಹಳೆಯ ಇಂಗ್ಲಿಷಿನವರಿಗೆ ವಿಂಕ್ ಎಂದರೆ ಕಣ್ಣು ಮುಚ್ಚುವುದೂ ಆಗಿತ್ತು. ಹುಡ್ ಎಂದರೆ ಮುಸುಕು. ಮುಸುಕಿನಿಂದ ಕಣ್ಣು ಕಟ್ಟುವುದು ಮೊದಲ ಅರ್ಥ, ಮೋಸ ಆಮೇಲೆ ಬಂದದ್ದು. ‘ಕಣ್ಣಿಗೆ ಮಣ್ಣೆರಚುವುದು’ ಧಾರಾಳವಾಗಿ ಸಾಕು.