450 ವ್ಯಾಟ್ ಎಂದಿದ್ದರೂ ಕಂಪ್ಯೂಟರ್ ಆಫ್ ಆಗುವುದೇಕೆ?

ಪ್ರಶ್ನೆ: ನಮ್ಮ ಮನೆ ರಾಜಾಜಿನಗರದಲ್ಲಿ. ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡ ಐ5-12400ಎಫ್ ಪ್ರೊಸೆಸರ್‌ನ ಕಂಪ್ಯೂಟರ್ ಇದೆ. ಕ್ಯಾಬಿನೆಟ್ ಜೊತೆಗೇ 450 ವ್ಯಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬಂದಿತ್ತು. ಮೊನ್ನೆ ಮಗನಿಗೆಂದು ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಅಂದಿನಿಂದ ಗೇಮ್ ಆಡುವಾಗ ಮಾತ್ರ ತಟ್ಟನೆ ರೀಸ್ಟಾರ್ಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. 600 ವಿಎ ಯುಪಿಎಸ್ ಇದೆ. ಯಾವ ಎಸ್‌ಎಂಪಿಎಸ್ ಕೊಳ್ಳಲಿ? ಲೇಬಲ್‌ನ ಫೋಟೊ ಕಳಿಸಿದ್ದೇನೆ.

ಉತ್ತರ: ಕೈ ಜುಮ್ಮೆನ್ನುತ್ತದೆ ಎಂದಿರಲ್ಲ, ಮೊದಲು ಅದನ್ನು ನೋಡಿಸಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಚೂರು ಕರೆಂಟ್ ಅರ್ಥಿಂಗ್ ತಂತಿಗೆ ಹರಿಯುವುದು ಸಹಜ. ಪ್ಲಗ್ ಪಾಯಿಂಟ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ತಗಡಿನಲ್ಲೇ ಉಳಿಯುತ್ತದೆ. ಎಷ್ಟು ದುಬಾರಿ ಎಸ್‌ಎಂಪಿಎಸ್ ತಂದರೂ ಇದು ಹೋಗುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಅಲ್ಲಿಯವರೆಗೆ ಮಗ ಅದನ್ನು ಬಳಸುವುದು ಬೇಡ.

ಈಗ ಲೇಬಲ್. ದಪ್ಪಕ್ಷರದ 450ನ್ನು ಬಿಟ್ಟು ಕೆಳಗಿನ ಚಿಕ್ಕ ಕೋಷ್ಟಕ ನೋಡಿ. +12V ಎಂಬಲ್ಲಿ 16A ಎಂದಿದೆ. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ವಿದ್ಯುತ್ತನ್ನು ಬಹುಪಾಲು ಈ 12 ವೋಲ್ಟ್ ದಾರಿಯಿಂದಲೇ ಎಳೆಯುವುದು. ನಿಮ್ಮ ಕಾರ್ಡಿಗೆ 115 ವ್ಯಾಟ್, ಪ್ರೊಸೆಸರ್ ಪೂರ್ತಿ ದುಡಿದರೆ 117. ಅಲ್ಲಿಗೇ 232 ಆಯಿತು. ಬೋರ್ಡ್, ಫ್ಯಾನ್, ಡಿಸ್ಕ್ ಸೇರಿದರೆ 280ರ ಹತ್ತಿರ. 192ಕ್ಕೆ ಇದು ಹೊರಲಾರದ ಭಾರ, ಅದಕ್ಕೇ ಗೇಮ್ ನಡುವೆ ರೀಸ್ಟಾರ್ಟ್ ಆಗುವುದು. ಬ್ರೌಸರ್ ತೆರೆದಾಗ ಇದರ ಕಾಲುಭಾಗವೂ ಬೇಕಾಗದು, ಅದಕ್ಕೇ ಬೇರೆ ಕೆಲಸದಲ್ಲಿ ತೊಂದರೆ ಕಾಣುತ್ತಿಲ್ಲ. ಫೋಟೊದ ಮೂಲೆಯಲ್ಲಿ ಇನ್ನೊಂದು ಕಂಡಿತು: ಕಾರ್ಡಿಗೆ ಬೇಕಾದ 8 ಪಿನ್ ವೈರ್ ಇಲ್ಲದೆ, ಹಳೆಯ ಮೋಲೆಕ್ಸ್ ವೈರ್‌ಗಳಿಗೆ ಕನ್ವರ್ಟರ್ ಸಿಕ್ಕಿಸಿದ್ದಾರೆ. ಅಂಥ ಕಡೆ ಪ್ಲಾಸ್ಟಿಕ್ ಕರಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಇವತ್ತೇ ಅದನ್ನು ಬಿಚ್ಚಿಸಿ.

4060ಕ್ಕೆ ಅದರ ತಯಾರಕ ಎನ್ವಿಡಿಯಾ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್. ಅಷ್ಟು ಸಾಕು. ಕೊಳ್ಳುವಾಗ 12 ವೋಲ್ಟ್‌ಗೆ 45 ಆಂಪಿಯರ್ ಆಸುಪಾಸು ಇದೆಯೇ, ಗ್ರಾಫಿಕ್ಸ್ ಕಾರ್ಡಿನ 8 ಪಿನ್ ವೈರ್ (ಪಿಸಿಐಇ) ಎಸ್‌ಎಂಪಿಎಸ್‌ನದ್ದೇ ಆಗಿದೆಯೇ, ಓವರ್‌ವೋಲ್ಟೇಜ್, ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ರಕ್ಷಣೆಯನ್ನು ಕಂಪನಿ ಬರೆದುಕೊಟ್ಟಿದೆಯೇ ನೋಡಿ. ವಾರಂಟಿ ಐದು ವರ್ಷವಿದ್ದರೆ ಒಳ್ಳೆಯದು. ಬ್ರ್ಯಾಂಡ್ ಹೆಸರೊಂದನ್ನೇ ನಂಬಬೇಡಿ. ಒಂದೇ ಕಂಪನಿಯ ಎರಡು ಸೀರೀಸ್‌ಗಳ ನಡುವೆ ಅಜಗಜಾಂತರ ಇರುತ್ತದೆ. ಬಾಕ್ಸ್ ಮೇಲಿನ ‘80 ಪ್ಲಸ್’ ಎನ್ನುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದರ ಅಳತೆ, ಸುರಕ್ಷತೆಯ ಮುದ್ರೆಯಲ್ಲ. ಅದರಲ್ಲಿ ಬ್ರಾಂಜ್ ದರ್ಜೆಯದಾದರೆ ನಿಮಗೆ ಧಾರಾಳ. ಮೇಲಿನ ಗೋಲ್ಡ್ ದರ್ಜೆಗೆ ಕೊಡುವ ಹೆಚ್ಚಿನ ದುಡ್ಡನ್ನು ಯುಪಿಎಸ್‌ಗೆ ಇಟ್ಟುಕೊಳ್ಳಿ.

ಏಕೆಂದರೆ 280 ವ್ಯಾಟ್ ಕೊಡಲು, ದಕ್ಷತೆ ಶೇ 85 ಇದ್ದರೂ, ಎಸ್‌ಎಂಪಿಎಸ್ ಸುಮಾರು 330 ವ್ಯಾಟ್ ಎಳೆಯುತ್ತದೆ. 600 ವಿಎ ಯುಪಿಎಸ್‌ಗಳು ಸಾಮಾನ್ಯವಾಗಿ ತಡೆಯುವುದು 360 ವ್ಯಾಟ್. ಮಾನಿಟರ್ ಸೇರಿದರೆ ಅಂಚಿಗೇ ಬಂದಿರಿ. ಸಂಜೆ ಮಳೆ ಬಂದು ಕರೆಂಟ್ ಹೋದಾಗ ಗೇಮ್ ನಡೆಯುತ್ತಿದ್ದರೆ ಯುಪಿಎಸ್ ಕೈಕೊಡಬಹುದು. 1000 ವಿಎ ಆದರೆ ನಿಶ್ಚಿಂತೆ.

ಬಿಲ್‌ನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವೈರ್ ಕಳಚಿಡಬಹುದಾದ ಮಾಡ್ಯುಲರ್ ಮಾದರಿ ತಂದರೆ ಅದರ ಜೊತೆ ಬಂದ ವೈರ್‌ಗಳನ್ನು ಮಾತ್ರ ಬಳಸಿ. ಬೇರೆಯವು ಸರಿಯಾಗಿ ಕೂತರೂ ಒಳಗಿನ ಪಿನ್‌ಗಳ ಕ್ರಮ ಬೇರೆಯಿದ್ದು, ಆನ್ ಮಾಡಿದ ಕ್ಷಣದಲ್ಲೇ ಡಿಸ್ಕ್ ಸುಟ್ಟುಹೋಗಬಹುದು.